ನನ್ನ ಸ್ಲಾಟು

ಹೊರಗೆ ಕಬ್ಬಿನ ಲಾರಿ ಗೇರು ಬದಲಿಸಿತು, ಗೋಡೆ ನಡುಗಿತು, ಗೋಡೆಗೆ ಅಂಟಿಸಿದ ಕಾಕ್‌ಪಿಟ್ಟಿನ ಚಿತ್ರವೂ ನಡುಗಿತು, ನಡುಗಲಿ, ನಿಜವಾದದ್ದೂ ನಡುಗುತ್ತದೆ — ಎಡಗೈ ಪವರ್ ಲಿವರಿನ ಮೇಲೆ, ಹಿಂದಕ್ಕೆ, ಇಂಧನ ಬಂದ್, ಕೆಂಪು ಹಿಡಿ ಎಳಿ, ಮಳವಳ್ಳಿಯ ಈ ನಡುಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಎಷ್ಟು ಇಂಜಿನ್ನುಗಳ ಬೆಂಕಿ ಆರಿಸಿದ್ದೇನೋ, ಹೆರಿಗೆಯಾದ ಮೇಲೆ ಡಾಕ್ಟರು ಇನ್ನು ಹಾರಬಹುದು ಎಂದಿದ್ದಾರೆ, ಉಳಿದದ್ದು ಸಿಮ್ಯುಲೇಟರಿನ ಪರೀಕ್ಷೆಯೊಂದೇ, ಈ ತಿಂಗಳು ಅದು ತಪ್ಪಿದರೆ ನನ್ನ ಅರ್ಹತೆ ಚಾಲ್ತಿಯಲ್ಲಿರುವುದಿಲ್ಲ, ಮತ್ತೆ ಮೊದಲಿಂದ ತರಬೇತಿ, ಯಾವಾಗ ಕರೆಯುತ್ತಾರೋ, ಕರೆಯುತ್ತಾರೋ ಇಲ್ಲವೋ — ಬೆಳಿಗ್ಗೆ ತರಬೇತಿ ವಿಭಾಗದವನ ಫೋನು, ಅಮೃತಾ ಮೇಡಂ, ನಾಳೆಯ ನಿಮ್ಮ ಸಿಮ್ಯುಲೇಟರ್ ಸ್ಲಾಟು ಸ್ವಾಮಿಗೆ ಕೊಟ್ಟಿದ್ದೀವಿ, ಮಗು ಎಳೆಯದು, ನಿಮಗೂ ಕಷ್ಟ ಅಲ್ವಾ, ಎಷ್ಟು ಮೆತ್ತಗೆ ಹೇಳಿದ, ಯಾರು ಕೇಳಿದ್ದರು ಇವನ ಕನಿಕರ, ಹೋದ ವರ್ಷ ಅದೇ ಸ್ವಾಮಿ, ನನ್ನ ಜೊತೆಯ ಪೈಲಟ್ಟು, ಕ್ರಿಕೆಟ್ ಆಡಲು ಹೋಗಿ ಕಾಲು ಮುರಿದುಕೊಂಡಾಗ ಅವನ ಸ್ಲಾಟು ಕಾದಿತ್ತಲ್ಲ, ಅವನು ವಾಪಸ್ ಬಂದಾಗ ನಾನೇ ನನ್ನ ದಿನ ಬಿಟ್ಟುಕೊಟ್ಟೆನಲ್ಲ, ಕಾಲು ಎಳೆಯದು ಎಂದು ಆಗ ಯಾರೂ ಮರುಗಲಿಲ್ಲ — ಓಗ್ಲಿ ಬುಡು ಕಣವ್ವ, ಸೈಕಲ್ ಕಲ್ತೋರು ಮರ್ತೋಯ್ತಾರಾ, ಇಮಾನವೂ ಅಂಗೇ ತಾನೆ, ಅವ್ವನ ಮಾತು, ಸೊಪ್ಪು ಸೋಸುತ್ತಾ, ಅವ್ವಾ, ನಾನು ಮರೆತಿಲ್ಲ, ಮರೆತಿಲ್ಲ ಎಂದು ತೋರಿಸಲು ಬಿಡುತ್ತಿಲ್ಲ, ಹೇಗೆ ತಿಳಿಸಲಿ, ಸಿಟ್ಟು ನೆತ್ತಿಗೇರಿತು, ನಾನೇ ಫೋನು ಮಾಡಿದೆ, ಆ ಸ್ಲಾಟು ನನ್ನದು ಸರ್, ಬೇಡವೆಂದು ನಾನು ಯಾವತ್ತಾದರೂ ಹೇಳಿದ್ದೀನಾ, ಆ ಕಡೆ ಹಾಳೆ ಮಗುಚಿದ ಸದ್ದು, ಆಯ್ತು ಬನ್ನಿ ಮೇಡಂ, ಸ್ವಾಮಿಗೆ ಬೇರೆ ದಿನ ನೋಡ್ತೀನಿ, ಆದ್ರೆ ಫೇಲಾದ್ರೆ ನಮ್ಮನ್ನ ಅನ್ನಬೇಡಿ — ಸ್ವಾಮಿಗೆ ಹೇಳಿದ್ದನೇ ಈ ಮಾತು, ಕುಂಟುತ್ತಾ ಬಂದವನಿಗೆ — ಸ್ಪೀಕರಿನಲ್ಲಿ ಅದನ್ನು ಕೇಳಿದ ಅವ್ವ ಸೊಪ್ಪಿನ ಮೊರ ಪಕ್ಕಕ್ಕೆ ಸರಿಸಿದಳು, ಅವ್ನ್ಯಾವನು ಫೇಲು ಅನ್ನೋನು, ನಡಿ, ಸಂಜೆ ಬಸ್ಸಿಗೇ ಓಗವ, ಕೂಸ ನಾನ್ ಎತ್ಕತೀನಿ, ನೀನ್ ಒಳಗೆ ಅದೇನ್ ಆರಿಸ್ತೀಯೋ ಆರ್ಸು, ನಾನ್ ಬಾಗ್ಲಲ್ಲೇ ಕುಂತಿರ್ತೀನಿ — ಕುಂತಿರು ಅವ್ವಾ, ಅವರೆಲ್ಲ ನೋಡಲಿ, ಬಿಳಿ ಯೂನಿಫಾರಂ ಅಂಗಿ ಹಾಕಿ ನೋಡುತ್ತೇನೆ, ಎದೆಯ ಬಳಿ ಗುಂಡಿ ಸೇರುವುದಿಲ್ಲ, ಉಸಿರು ಹಿಡಿದರೆ ಸೇರುತ್ತದೆ, ಸೇರಿತು, ಸ್ವಾಮಿ ಇದನ್ನೆಲ್ಲ ಮಾಡಬೇಕಾಗಿಲ್ಲ, ಕೋಣೆಯಲ್ಲಿ ಮಗು ಎದ್ದಿತು, ಅತ್ತಿತು, ಅಷ್ಟೇ, ರೆಕ್ಕೆಯ ಬ್ಯಾಡ್ಜಿನ ಕೆಳಗೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ಮೇಲೆ ಹಾಲಿನ ಒಂದು ಒದ್ದೆ, ನಾಣ್ಯದಗಲ, ಅಂಗೈಯಗಲ, ಬೆಚ್ಚಗೆ, ಒದ್ದೆ —