ಅತ್ತೆಯ ಫಿನಾಯಿಲ್

ನಮ್ಮ ಮನೆ ಇಳಿಜಾರಿನ ಕೊನೆಯಲ್ಲಿದೆ. ಒಳಚರಂಡಿ ಅಲ್ಲಿಗೆ ಬರುವುದಿಲ್ಲವೆಂದು ಗೊತ್ತಾದ ಮೇಲೆ, ಕೊಳಚೆ ನೀರನ್ನು ಮನೆಯಲ್ಲೇ ಶುದ್ಧ ಮಾಡುವ ತೊಟ್ಟಿಯೊಂದನ್ನು ಹಿತ್ತಲಲ್ಲಿ ಹೂಳಿಸಿದೆವು. ಎರಡೇ ತಿಂಗಳಿಗೆ ಮೂಗು ಬಿಡಲಾಗದಷ್ಟು ನಾತ ಶುರುವಾಯಿತು.

ತೊಟ್ಟಿ ಕೂರಿಸಿದ್ದ ಮೆಕ್ಯಾನಿಕ್ ಬಂದು ಮುಚ್ಚಳ ತೆಗೆದು ಇಣುಕಿದ. "ಒಳಗೆ ಗಾಳಿ ಊದೋ ಪಂಪು ಸರಿಯಾಗೇ ಇದೆ. ಬಚ್ಚಲಿಗೆ ಫಿನಾಯಿಲ್ ಯಾರು ಸುರೀತಾರೆ?"

"ನಾನೇ, ದಿನಕ್ಕೆ ಎರಡು ಸಲ," ಎಂದರು ಅತ್ತೆ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು ಅವರು. "ಕ್ರಿಮಿ ಸಾಯ್ಬೇಡ್ವಾ?"

"ಅದೇ ಎಡವಟ್ಟು ಅಮ್ಮ. ಒಳಗೆ ಕೊಳೆ ತಿನ್ನೋದೂ ಕ್ರಿಮಿಗಳೇ. ಕೊಂದಿದ್ದು ಸಾಕು, ಇನ್ಮೇಲೆ ಅವನ್ನ ಸಾಕಿ."

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಮಾತ್ರ ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದರು.

ಬೇರೊಂದು ಮನೆಯ ತೊಟ್ಟಿಯಿಂದ ಮೆಕ್ಯಾನಿಕ್ ಒಂದು ಬಕೆಟ್ ಕೆಸರು ತಂದು ನಮ್ಮದಕ್ಕೆ ಹೆಪ್ಪು ಹಾಕಿದ ಹಾಗೆ ಸುರಿದ. ಸಂಜೆ ನೋಡಿದರೆ ಅತ್ತೆ ಬರೀ ನೀರು ಹಾಕಿ ಬ್ರಷ್ಷಿನಲ್ಲಿ ಬಚ್ಚಲು ಉಜ್ಜುತ್ತಿದ್ದರು.

"ವಾಸನೆ ಇಲ್ದೆ ತೊಳೆದ ಹಾಗೇ ಅನ್ಸಲ್ಲ ಕಣೇ," ಎಂದರು.

"ಚೆನ್ನಾಗಿ ಹೊಳೀತಿದೆ ಅತ್ತೆ," ಎಂದೆ. ಸುಳ್ಳಲ್ಲ, ಹೊಳೆಯುತ್ತಿತ್ತು.

ಮೂರು ವಾರಕ್ಕೆ ನಾತ ಹೋಯಿತು. ಮೊನ್ನೆ ಎದುರು ಮನೆಯವರೂ ಇಂಥದೇ ತೊಟ್ಟಿಗೆ ಗುಂಡಿ ತೋಡಿಸಿದರು. ಮೆಕ್ಯಾನಿಕ್ ಬರುವುದಕ್ಕೆ ಮೊದಲೇ ಅತ್ತೆ ಅವರ ಬಚ್ಚಲಿಗೆ ನುಗ್ಗಿ, ಫಿನಾಯಿಲ್ ಬಾಟಲಿಗಳನ್ನೆಲ್ಲ ಎತ್ತಿ ಹೊರಗಿಟ್ಟು ಬಂದರು.