ಹಡಗಿನಲ್ಲಿ ಕಾಯಿಸಿದ ರಾಗಿ ಗಂಜಿ

ಬಂಡೂರಿನ ಚಲುವಮ್ಮ ತನ್ನ ನಲವತ್ತೆಂಟು ವರ್ಷದಲ್ಲಿ ಮೈಸೂರನ್ನು ಎರಡು ಸಲ ನೋಡಿದ್ದಳು, ಬೆಂಗಳೂರನ್ನು ಒಂದು ಸಲವೂ ನೋಡಿರಲಿಲ್ಲ. ಅಂಥವಳು ಎಪ್ಪತ್ತನಾಲ್ಕನೇ ಇಸವಿಯ ಸಂಕ್ರಾಂತಿ ಕಳೆದ ವಾರ, ಕಂಕುಳಲ್ಲಿ ರಾಗಿಹಿಟ್ಟಿನ ಗಂಟು ಇರುಕಿಕೊಂಡು ಮದರಾಸಿನ ಬಂದರಿನಲ್ಲಿ ಹಡಗು ಹತ್ತಿದಳು.

ಅಳಿಯ ಮರಿಸಿದ್ದಯ್ಯ ಮಳವಳ್ಳಿಯವನು. ಅಂಡಮಾನಿನ ಪೋರ್ಟ್‌ಬ್ಲೇರಿನಲ್ಲಿ ಕರೆಂಟು ಇಲಾಖೆಯ ಲೈನ್‌ಮನ್. ಮಗಳು ದೇವಿರಮ್ಮ ಬಾಣಂತನಕ್ಕೆ ತವರಿಗೆ ಬಂದವಳು ಐದು ತಿಂಗಳಿನ ಗಂಡುಮಗುವನ್ನು ಎತ್ತಿಕೊಂಡು ಗಂಡನ ಜೊತೆ ಹೊರಡಬೇಕಾಗಿತ್ತು. ಮೊದಲ ಮಗು, ನೆರೆಹೊರೆ ಭಾಷೆ ತಿಳಿಯದ ಊರು. ಚಲುವಮ್ಮನ ಗಂಡ ಜವರಯ್ಯ ತಾನಾಗಿಯೇ ಹೇಳಿದ್ದ, "ನೀನೂ ಓಗ್ಬುಟ್ಟು ಬಾ. ಕುರಿ ನಾನ್ ನೋಡ್ಕತೀನಿ. ಮೊಗ ಒಸಿ ಬಲಿಯೋಗಂಟ ಇದ್ದು ಬಾ."

ಮೊದಲ ದಿನ ಮರಿಸಿದ್ದಯ್ಯ ಹಡಗೆಲ್ಲ ತನ್ನದೇ ಎನ್ನುವಂತೆ ಅತ್ತೆಗೆ ತೋರಿಸಿದ. ಮೇಲಿನ ಅಂತಸ್ತಿನಲ್ಲಿ ಕ್ಯಾಬಿನ್ನಿನವರಿಗೆ ಮೇಜಿಗೆ ಬಿಳಿ ಬಟ್ಟೆ ಹಾಸಿದ ಊಟದ ಮನೆ. ಕೆಳಗೆ, ಇವರಂತೆ ಸಾಲು ಹಲಗೆಗಳ ಮೇಲೆ ಮಲಗುವ ಬಂಕ್ ಕ್ಲಾಸಿನವರಿಗೆ ಕ್ಯಾಂಟೀನು. ಗಂಟೆ ಬಾರಿಸಿದಾಗ ತಟ್ಟೆ ಹಿಡಿದು ಸಾಲು ನಿಂತರೆ ಅನ್ನ, ಬೇಳೆ, ಒಂದು ತುಂಡು ಮೀನು. ಇವೆರಡೂ ಬೇಡದವರಿಗೆ ಬಯಲು ಡೆಕ್ಕಿನ ಮೇಲೊಂದು ಟೀ ಕೌಂಟರು. ಅಲ್ಲಿ ಬನ್ನು, ಬೋಂಡ, ಆಮ್ಲೆಟ್ಟು ಸಿಗುತ್ತಿತ್ತು. ಕ್ಯಾಬಿನ್ನಿನವರೂ ಬಂಕಿನವರೂ ಮಕ್ಕಳುಮರಿ ಕಟ್ಟಿಕೊಂಡು ಬಂದು ಒಂದೇ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. "ಇಲ್ಲಿ ಯಾರೂ ಯಾರ್ನೂ ಕೇಳಾಕಿಲ್ಲ ಅತ್ತೆ," ಎಂದ ಅಳಿಯ.

ಹಡಗು ದಡ ಬಿಟ್ಟು ಅರ್ಧ ದಿನವಾಗುವಷ್ಟರಲ್ಲಿ ಅದರ ಓಲಾಟಕ್ಕೆ ದೇವಿರಮ್ಮ ಮಲಗಿಬಿಟ್ಟಳು. ಕುಡಿದ ನೀರೂ ನಿಲ್ಲುತ್ತಿರಲಿಲ್ಲ. ಹಡಗಿನ ಡಾಕ್ಟರು ಕೊಟ್ಟ ಮಾತ್ರೆ ನುಂಗಿದ ಗಳಿಗೆಯಲ್ಲೇ ಹೊರಗೆ ಬಂತು. ಕ್ಯಾಂಟೀನಿನ ಅನ್ನದ ವಾಸನೆ ಬಂದರೆ ಸಾಕು, ಸೆರಗು ಮೂಗಿಗೊತ್ತಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದಳು. ಎರಡನೆಯ ದಿನ ಬೆಳಿಗ್ಗೆ ಮಗು ಎದೆಗೆ ಬಾಯಿಟ್ಟು, ಬಿಟ್ಟು, ಮತ್ತೆ ಬಾಯಿಟ್ಟು, ಕೊನೆಗೆ ಕಿರುಚಿ ಅಳುವುದಕ್ಕೆ ಶುರುಮಾಡಿತು.

"ಅವ್ವ, ಆಲೇ ಬತ್ತಾ ಇಲ್ಲ ಕಣವ್ವ," ಎಂದಳು ದೇವಿರಮ್ಮ. ಅವಳ ತುಟಿ ಒಡೆದಿತ್ತು.

ಚಲುವಮ್ಮ ಐದು ಮಕ್ಕಳನ್ನು ಹೆತ್ತವಳು, ಇಬ್ಬರನ್ನು ಕಳೆದುಕೊಂಡವಳು. ಹಾಲು ಬತ್ತಿದರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ತೆಳ್ಳಗೆ ಬಿಸಿಬಿಸಿ ರಾಗಿ ಗಂಜಿ ಕಾಯಿಸಿ, ಉಪ್ಪು ಹಾಕಿ, ಗುಟುಕು ಗುಟುಕಾಗಿ ಕುಡಿಸಬೇಕು. ಊರಿನಲ್ಲಾಗಿದ್ದರೆ ಮೂರು ಕಲ್ಲು, ನಾಲ್ಕು ಪುಳ್ಳೆ ಸಾಕಿತ್ತು. ಇಲ್ಲಿ ಹಿಟ್ಟಿತ್ತು, ಸುತ್ತ ಕಣ್ಣು ಹಾಯುವಷ್ಟು ನೀರಿತ್ತು, ಒಲೆ ಇರಲಿಲ್ಲ.

ಅವಳು ಪಾತ್ರೆ, ಹಿಟ್ಟಿನ ಗಂಟು ಹಿಡಿದು ಕ್ಯಾಂಟೀನಿನ ಅಡುಗೆಮನೆಯ ಬಾಗಿಲಿಗೆ ಹೋದಳು. ಬಾಗಿಲಲ್ಲಿದ್ದ ಆಳು ಹಿಂದಿಯಲ್ಲಿ ಏನೋ ಹೇಳಿ, ಒಳಗೆ ಬರುವ ಹಾಗಿಲ್ಲ ಎಂದು ಕೈಯಾಡಿಸಿದ. ಹಿಂದೆ ಬಂದಿದ್ದ ಮರಿಸಿದ್ದಯ್ಯ ತನಗೆ ಬರುವ ಅರೆಬರೆ ಹಿಂದಿಯಲ್ಲಿ ಹೇಳಿ ನೋಡಿದ. ಆಗಲಿಲ್ಲ.

"ಬುಡಿ ಅತ್ತೆ, ರೂಲ್ಸಂತೆ. ನಾಳಿದ್ದು ಊರು ಬತ್ತದಲ್ಲ," ಎಂದ.

ಚಲುವಮ್ಮನಿಗೆ ತಡೆಯಲಾಗಲಿಲ್ಲ. "ನಾಳಿದ್ದಂತೆ ನಾಳಿದ್ದು! ಮೊಗೀನ್ ಗಂಟ್ಲು ಇಲ್ಲಿ ಒಣಗ್ತಾ ಕುಂತದೆ. ಲೇ, ನಿಂಗೂ ಒಬ್ಳು ಅವ್ವ ಇದ್ದಾಳೇನ್ಲಾ? ಅವ್ಳು ಆಲು ಕುಡ್ಸಿದ್ಳಾ, ಇಲ್ಲ ರೂಲ್ಸ್ ಕುಡ್ಸಿದ್ಳಾ? ನಿನ್ ಒಲೆ ನಾನೇನ್ ಒತ್ಕೊಂಡ್ ಓಯ್ತೀನಾ?"

ಆ ಆಳಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಮೆಟ್ಟಿಲ ಮೇಲಿನಿಂದ ಯಾರೋ ಹೆಂಗಸು, "ಅಯ್ಯೋ ರಾಮ! ಇಲ್ಲಿ ಯಾರು ನಮ್ಮ ಕಡೆ ಮಾತಾಡ್ತಾ ಇರೋದು?" ಎಂದಳು.

ಕಚ್ಚೆ ಹಾಕಿ ಒಂಬತ್ತು ಗಜದ ಸೀರೆ ಉಟ್ಟು, ಮೂಗಿನ ಎರಡೂ ಕಡೆ ಬೇಸರಿ ಇಟ್ಟುಕೊಂಡಿದ್ದ ಹಿರಿಯ ಹೆಂಗಸು ಕಂಬಿ ಹಿಡಿದು ಕೆಳಗಿಳಿದು ಬಂದಳು. "ಯಾವೂರಮ್ಮ ನಿಂದು?"

"ಮಳವಳ್ಳಿ ತಾವ, ಬಂಡೂರು."

"ನಮ್ಮದು ಮಂಡ್ಯ, ಗುತ್ತಲು. ಪಂಕಜಮ್ಮ ಅಂತ. ನನ್ನ ಎರಡನೇ ಮಗ ಸಂಪತ್ ಕುಮಾರ ಅಲ್ಲಿ ಮೇಷ್ಟ್ರು, ಅವನ ಜೊತೆ ಹೊರಟಿದೀನಿ. ಎರಡು ದಿನದಿಂದ ಇಂಗ್ಲಿಷು ಹಿಂದಿ ಕೇಳಿ ಕೇಳಿ ಕಿವಿ ಸೋತುಹೋಗಿತ್ತು. ನೀನು ಬೈದಿದ್ದು ಕೇಳಿ ಊರಿಗೇ ಹೋದಷ್ಟು ಹಿತವಾಯ್ತು. ಏನು ಸಮಾಚಾರ ಹೇಳು."

ಚಲುವಮ್ಮ ಹೇಳಿದಳು. ಪಂಕಜಮ್ಮ ಪೂರ್ತಿ ಕೇಳುವ ಮೊದಲೇ ಅವಳ ಕೈ ಹಿಡಿದುಕೊಂಡು, "ಇಲ್ಲಿ ಇವನ ಹತ್ತಿರ ಏನು ಮಾತು? ಬಾ ನನ್ನ ಜೊತೆ," ಎಂದು ಮೆಟ್ಟಿಲು ಹತ್ತಿಸಿದಳು.

ಕರೆದುಕೊಂಡು ಹೋದದ್ದು ಡೆಕ್ಕಿನ ಟೀ ಕೌಂಟರಿಗೆ. ಅದನ್ನು ನಡೆಸುತ್ತಿದ್ದವನು ನಾಗಪಟ್ಟಣದ ಕಡೆಯ ಮುದುಕ, ನೆರೆತ ಮೀಸೆ, ಬಿಸಿ ನೀರು ಸಿಡಿದು ಸುಕ್ಕುಗಟ್ಟಿದ ಬಲಗೈ. ಪಂಕಜಮ್ಮ ತನ್ನ ಮನೆಮಾತಿನ ತಮಿಳಿನಲ್ಲಿ ಶುರುಮಾಡಿದಳು. ತಲೆಮಾರುಗಳಿಂದ ಮಂಡ್ಯದಲ್ಲೇ ಬೆಳೆದ ತಮಿಳು ಅದು, ಅರ್ಧಕ್ಕರ್ಧ ಕನ್ನಡ. ಮುದುಕ ಮೊದಲು ನಕ್ಕ. ಆಮೇಲೆ ಮಗುವಿನ ಮಾತು ಬಂದಾಗ ನಗು ನಿಲ್ಲಿಸಿ ಚಲುವಮ್ಮನ ಮುಖ ನೋಡಿದ.

"ಮಧ್ಯಾಹ್ನ ಒಂದರಿಂದ ಮೂರು ಗಂಟೆವರೆಗೆ ಕೌಂಟರು ಮುಚ್ಚಿರತ್ತಂತೆ," ಎಂದು ಪಂಕಜಮ್ಮ ಕನ್ನಡದಲ್ಲಿ ಹೇಳಿದಳು. "ಆಗ ಬಂದು ಮಾಡ್ಕೋ ಅಂತಿದಾನೆ. ಯಾರಾದ್ರೂ ಕೇಳಿದ್ರೆ ನಿನ್ನ ತನ್ನ ತಂಗಿ ಅಂತ ಹೇಳ್ಕೋತಾನಂತೆ."

"ಒಂದು ಗಂಟೆಗಂಟ ಕಾಯಕ್ಕಾಯ್ತದಾ ಅಮ್ಮೋರೆ? ಮೊಗ ಅರಚ್ಕೊತಾ ಅದೆ," ಎಂದಳು ಚಲುವಮ್ಮ.

ಪಂಕಜಮ್ಮ ತರ್ಜುಮೆ ಮಾಡಬೇಕಾಗಲಿಲ್ಲ. ಮುದುಕ ಸಾಲಿನಲ್ಲಿ ನಿಂತವರಿಗೆ ಏನೋ ಕೂಗಿ ಹೇಳಿ, ಟೀ ಪಾತ್ರೆ ಇಳಿಸಿ, ಹಲಗೆಯ ಬಾಗಿಲು ಎತ್ತಿ ಅವಳನ್ನು ಒಳಗೆ ಬಿಟ್ಟುಕೊಂಡ.

ಅದು ಕರೆಂಟಿನ ಒಲೆ. ಬೆಂಕಿ ಇಲ್ಲದೆ ಕೆಂಪಗೆ ಕಾಯುವ ತಂತಿ ನೋಡಿ ಚಲುವಮ್ಮನಿಗೆ ಗಾಬರಿಯಾಯಿತು. ಆದರೂ ಎಸರು ಇಟ್ಟಳು. ತಣ್ಣೀರಿನಲ್ಲಿ ಹಿಟ್ಟು ಕದಡಿ ಹುಯ್ಯುವಾಗ ಹಡಗು ಒಂದು ಕಡೆಗೆ ವಾಲಿತು, ಪಾತ್ರೆ ಜಾರಿತು. ಮುದುಕ ಸುಟ್ಟ ಕೈಯಿಂದಲೇ ಅದನ್ನು ತಡೆದು, ಚಿಂದಿ ಬಟ್ಟೆಯಲ್ಲಿ ಹಿಡಿದು ನಿಂತ. ಅವಳು ಒಂದೇ ಸಮನೆ ತಿರುವಿದಳು. ರಾಗಿ ಬೇಯುವ ಘಮ ಸಮುದ್ರದ ಗಾಳಿಯಲ್ಲಿ ಸೇರಿತು. ಟೀಗೆ ನಿಂತಿದ್ದವರು ಯಾರೂ ಗೊಣಗಲಿಲ್ಲ. ಪಂಕಜಮ್ಮ ಬೆಂಚಿನ ಮೇಲೆ ಕೂತು, ಕೇಳಿದವರಿಗೆಲ್ಲ ವಿಷಯ ಹೇಳುತ್ತಿದ್ದಳು.

ದೇವಿರಮ್ಮ ಮೊದಲ ಗುಟುಕು ಕುಡಿದು ಕಣ್ಣು ಮುಚ್ಚಿದಳು. ಚಲುವಮ್ಮ ಲೋಟ ಹಿಡಿದು ಕಾದಳು. ಗಂಜಿ ಹೊರಗೆ ಬರಲಿಲ್ಲ. ಇನ್ನೊಂದು ಗುಟುಕು. ಸ್ವಲ್ಪ ಸ್ವಲ್ಪವಾಗಿ ಒಂದು ಲೋಟ ಒಳಗೆ ಹೋಯಿತು. ತಿಳಿಗಂಜಿಯನ್ನು ಚಮಚದಲ್ಲಿ ಮಗುವಿನ ನಾಲಿಗೆಗೂ ತಾಗಿಸಿದರು. ಅದು ಮುಖ ಕಿವುಚಿ, ಆಮೇಲೆ ಬಾಯಿ ಚಪ್ಪರಿಸಿತು. ಸಂಜೆಗೆ ಮತ್ತೊಂದು ಲೋಟ, ಮಾರನೆಯ ಬೆಳಿಗ್ಗೆ ಇನ್ನೊಂದು. ಮೂರನೆಯ ದಿನ ಹೊತ್ತೇರುವ ಮುಂಚೆ ಮಗು ಎದೆಗೆ ಕಚ್ಚಿಕೊಂಡದ್ದು ಬಿಡಲೇ ಇಲ್ಲ. ಕುಡಿಯುವ ಸದ್ದು ಪಕ್ಕದ ಬಂಕಿಗೂ ಕೇಳುತ್ತಿತ್ತು.

"ಬಂತು ಕಣವ್ವ," ಎಂದಳು ದೇವಿರಮ್ಮ. ಚಲುವಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು, ಎರಡು ದಿನದಿಂದ ತಡೆದಿದ್ದ ಅಳುವನ್ನೆಲ್ಲ ಅತ್ತು ಮುಗಿಸಿದಳು.

ಅವತ್ತು ಮಧ್ಯಾಹ್ನ ಕೌಂಟರು ಮುಚ್ಚಿದ ಹೊತ್ತಿನಲ್ಲಿ ಅವಳು ಮುದ್ದೆಗೆ ಹಿಟ್ಟು ತೊಳಸಿದಳು. ಹಿಟ್ಟಿನ ದೊಣ್ಣೆಗೆ ಬದಲು ಚಪಾತಿ ಲಟ್ಟಿಸುವ ಕೋಲು. ಮುದುಕನಿಗೂ ಅಳಿಯನಿಗೂ ಒಂದೊಂದು ಮುದ್ದೆ ಕಟ್ಟಿ, ಕ್ಯಾಂಟೀನಿನ ಬೇಳೆಗೆ ಮೆಣಸಿನಪುಡಿ ಹಾಕಿ ಬಡಿಸಿದಳು. ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಮುದುಕನಿಗೆ ಕೈಸನ್ನೆಯಲ್ಲಿ ಕಲಿಸಿದಳು. ಅವನು ನುಂಗಿ, ಕಣ್ಣಲ್ಲಿ ನೀರು ಬಂದು, ನಕ್ಕು, ಇನ್ನೊಂದು ತುತ್ತು ಮುರಿದ.

ಪಂಕಜಮ್ಮ ಬೆಂಚಿನ ತುದಿಯಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದಳು. ಅವಳು ಬೇರೆಯವರು ಮಾಡಿದ್ದನ್ನು ತಿನ್ನುವವಳಲ್ಲ ಎಂಬುದು ಚಲುವಮ್ಮನಿಗೆ ಹೇಳದೆಯೇ ಗೊತ್ತಿತ್ತು. ಮನೆಯಿಂದ ತಂದ ಪುಳಿಯೋಗರೆ ಎರಡನೆಯ ದಿನಕ್ಕೇ ಮುಗಿದಿತ್ತು. ಅವಲಕ್ಕಿಯ ಡಬ್ಬಿಗೆ ತೇವ ಹಿಡಿದು ಮುಗ್ಗಲಾಗಿತ್ತು. ಹಿಂದಿನ ದಿನದಿಂದ ಬಾಳೆಹಣ್ಣಿನ ಮೇಲೇ ಇದ್ದಳು. ಮುಖ ಇಳಿದಿತ್ತು.

ಕೊಡಲೋ ಬೇಡವೋ ಎಂದು ಚಲುವಮ್ಮ ಬಹಳ ಹೊತ್ತು ಯೋಚಿಸಿದಳು. ಕೊಟ್ಟರೆ ತಪ್ಪು ತಿಳಿದಾರು, ಕೊಡದೆ ತಾನು ತಿನ್ನುವುದಕ್ಕೂ ಮನಸ್ಸು ಬರಲೊಲ್ಲದು. ಕೊನೆಗೆ ಹೇಳಿಯೇಬಿಟ್ಟಳು: "ಅಮ್ಮೋರೆ, ಒಂದ್ ಲೋಟ ಗಂಜಿ ಕಾಯ್ಸ್ಲಾ? ಪಾತ್ರೆ ನೀವೇ ಬೆಳಗಿ ಇಡಿ. ನಾನ್ ಮುಟ್ಟಾಕಿಲ್ಲ, ದೂರದಿಂದ್ಲೇ ಏಳ್ತೀನಿ, ನೀವೇ ತಿರುವ್ಕೊಳ್ಳಿ."

ಪಂಕಜಮ್ಮ ಸುಲಿಯುತ್ತಿದ್ದ ಹಣ್ಣನ್ನು ಕೆಳಗಿಟ್ಟಳು.

"ನಾನು ತಿರುವಿದ್ರೆ ಗಂಟಾಗತ್ತೆ," ಎಂದಳು. "ನೀನೇ ಮಾಡು. ಉಪ್ಪು ಕಮ್ಮಿ ಹಾಕು."

ಅವಳು ಲೋಟವನ್ನು ಎತ್ತಿ ಹಿಡಿದು, ತುಟಿಗೆ ತಾಗಿಸದೆ, ಸ್ವಲ್ಪಸ್ವಲ್ಪವಾಗಿ ಹುಯ್ದುಕೊಂಡು ಕುಡಿದಳು. ಕುಡಿದು, "ಹೊಟ್ಟೆ ತಣ್ಣಗಾಯ್ತು ಚಲುವಮ್ಮ. ನಿನ್ನ ಮಗಳಿಗೆ ನಾನು ಮಾಡಿದ್ದು ಬರೀ ಮಾತು. ನೀನು ನನಗೆ ಊಟವೇ ಹಾಕಿದೆ," ಎಂದಳು.

ಚಲುವಮ್ಮ ಪಾತ್ರೆ ಉಜ್ಜುತ್ತಾ ಕೂತಳು.

ಪೋರ್ಟ್‌ಬ್ಲೇರಿನಲ್ಲಿ ಇಳಿದ ಮೇಲೆ ಪಂಕಜಮ್ಮ ಎರಡು ತಿಂಗಳಿದ್ದು ಊರಿಗೆ ವಾಪಸಾದಳು. ಅಷ್ಟರಲ್ಲಿ ನಾಲ್ಕೈದು ಸಲ ಲೈನ್‌ಮನ್ನರ ಕ್ವಾರ್ಟರ್ಸಿಗೆ ಬಂದು ಮಗುವನ್ನು ಆಡಿಸಿ ಹೋಗಿದ್ದಳು. ಚಲುವಮ್ಮ ಆಷಾಢದವರೆಗೂ ಇದ್ದು, ಮಗು ಅಂಬೆಗಾಲಿಟ್ಟದ್ದನ್ನು ಕಣ್ಣಾರೆ ನೋಡಿ, ಮೈಸೂರಿನ ಒಂದು ಸಂಸಾರದ ಜೊತೆ ಹಡಗು ಹತ್ತಿ ಬಂದಳು.

ಶ್ರಾವಣದಲ್ಲಿ ಒಂದು ದಿನ ಹಿತ್ತಲಿನ ಬಾಳೆಗೊನೆ ಕಡಿಸಿಕೊಂಡು ಮಂಡ್ಯದ ಬಸ್ಸು ಹತ್ತಿದಳು. ಜವರಯ್ಯ, "ಅವ್ರು ಅಲ್ಲಿದ್ದಂಗೆ ಇಲ್ಲಿರಾಕಾಯ್ತದಾ? ಕೊಟ್ಬುಟ್ಟು ಬೇಗ ಬಂದ್ಬುಡು," ಎಂದಿದ್ದ. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ಹೊರಟಿದ್ದಳು.

ಗುತ್ತಲಿನಲ್ಲಿ ಪೂಜೆ ಮಾಡುವ ವರದರಾಜ ಅಯ್ಯಂಗಾರರ ಮನೆ ಎಂದು ಕೇಳಿದಾಗ ತೋರಿಸಿದರು. ಅವರು ಪಂಕಜಮ್ಮನ ದೊಡ್ಡ ಮಗ. ಬಾಗಿಲಿಗೆ ಬಂದ ಸೊಸೆ ಕನಕಲಕ್ಷ್ಮಿ ಯಾರು ಏನು ಎಂದು ವಿಚಾರಿಸಿ, ಜಗುಲಿಯ ಮೇಲೆ ಕೂರಲು ಹೇಳಿ, ಕುಡಿಯಲು ನೀರನ್ನು ಬೊಗಸೆಗೆ ಎತ್ತರದಿಂದ ಹುಯ್ದಳು. ಚಲುವಮ್ಮನಿಗೆ ಬೇಜಾರಾಗಲಿಲ್ಲ. ಬಿಸಿಲಲ್ಲಿ ನಡೆದು ಬಂದವಳಿಗೆ ನೀರು ತಣ್ಣಗಿತ್ತು.

ದನಿ ಕೇಳಿ ಪಂಕಜಮ್ಮ ಒಳಗಿನಿಂದ ಬಂದಳು. "ಎಷ್ಟು ಹೊತ್ತಾಯ್ತೇ ಬಂದು? ಒಳಗೆ ಬಾ."

ಬಾಗಿಲಲ್ಲಿ ನಿಂತಿದ್ದ ಸೊಸೆಯ ಮುಖ ಬಿಗಿಯಿತು. ಚಲುವಮ್ಮ ಅದನ್ನು ನೋಡಿದಳು. ತನ್ನಿಂದಾಗಿ ಈ ಮನೆಯಲ್ಲಿ ಒಂದು ಮಾತು ಬರುವುದು ಬೇಡ ಎನಿಸಿತು. "ಇಲ್ಲೇ ಗಾಳಿ ಚೆಂದಾಗದೆ ಅಮ್ಮೋರೆ. ನಾನ್ ಕೂರಾಕ್ ಬಂದೋಳಲ್ಲ, ಈ ಗೊನೆ ಕೊಟ್ಟು ನೋಡ್ಕೊಂಡ್ ಓಗಕ್ ಬಂದೆ."

ಪಂಕಜಮ್ಮ ಒಂದು ಗಳಿಗೆ ಅವಳನ್ನೂ ಸೊಸೆಯನ್ನೂ ನೋಡಿ ಒಳಗೆ ಹೋದಳು. ಮತ್ತೆ ಬಂದಾಗ ಕೈಯಲ್ಲಿ ಎರಡು ಬಾಳೆ ಎಲೆ ಇತ್ತು. ಒಂದನ್ನು ಚಲುವಮ್ಮನ ಮುಂದೆ ಹಾಸಿದಳು. ಇನ್ನೊಂದನ್ನು ಅದರ ಎದುರಿಗೇ ಹಾಸಿ, ಮಂಡಿ ಹಿಡಿದುಕೊಂಡು ಜಗುಲಿಯ ಮೇಲೆ ಕೂತಳು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು.

"ಕನಕ, ಬಡಿಸಮ್ಮ," ಎಂದಳು.

ಕನಕಲಕ್ಷ್ಮಿ ಒಮ್ಮೆ ಬೀದಿಯ ಕಡೆ ನೋಡಿದಳು. ಆಮೇಲೆ ಒಳಗಿನಿಂದ ಅನ್ನ, ಹುಳಿ, ಹುರುಳಿಕಾಯಿ ಪಲ್ಯ ತಂದು ಮೊದಲು ಚಲುವಮ್ಮನ ಎಲೆಗೆ, ಆಮೇಲೆ ಅತ್ತೆಯ ಎಲೆಗೆ ಬಡಿಸಿದಳು. ತುಪ್ಪ ಹಾಕುವಾಗ, "ನಿಮ್ಮ ಮೊಮ್ಮಗ ಈಗ ಹೇಗಿದಾನೆ?" ಎಂದು ಕೇಳಿದಳು.

"ನಿಮ್ಮತ್ತೆ ಪುಣ್ಯ ಕಣವ್ವ, ಗುಂಡ್ಗವ್ನೆ," ಎಂದಳು ಚಲುವಮ್ಮ.

ಊಟವಾದ ಮೇಲೆ ಪಂಕಜಮ್ಮ ಒಂದು ಇನ್‌ಲ್ಯಾಂಡ್ ಕಾಗದ, ಪೆನ್ನು ತಂದಳು. "ಮಗಳಿಗೆ ಏನಾದ್ರೂ ಬರೀಬೇಕಾ? ಹೇಳು, ಬರೀತೀನಿ."

ಚಲುವಮ್ಮ ಗೋಡೆಗೆ ಒರಗಿ ಕೂತಳು. "ಬರೀರಿ ಅಮ್ಮೋರೆ. ಅವ್ವ ಗುತ್ತಲಿಗೆ ಬಂದವ್ಳೆ, ಅಮ್ಮೋರ್ ಜತೆ ಎಲೆ ಆಕ್ಕೊಂಡು ಉಂಡವ್ಳೆ ಅಂತ ಬರೀರಿ. ಆಮೇಕೆ, ಹಡಗು ಬಂದ್ ದಿನ ಅಳಿಯಂದ್ರು ಬಂದರ್ಗೋಗಿ, ಟೀ ಕೌಂಟ್ರು ತಾತನ್ನ ಮಾತಾಡ್ಸ್ಬೇಕಂತೆ ಅನ್ನಿ. ಆವಯ್ಯನ್ ಎಸ್ರು ಕೇಳ್ದೆ ಬಂದ್ಬುಟ್ಟೆ. ಮೊಗ ಎಂಗದೆ ಅಂತ ಅವ್ರೂ ನೆನುಸ್ಕೊತಾ ಇರ್ಬೋದು."

ಪಂಕಜಮ್ಮ ತಲೆ ಬಗ್ಗಿಸಿ ಬರೆಯುತ್ತಾ ಹೋದಳು. ಒಂದು ಕಡೆ ನಿಲ್ಲಿಸಿ, "ಇನ್ನೂ ಜಾಗ ಇದೆ. ಮತ್ತೇನು?" ಎಂದು ಕೇಳಿದಳು.

"ದೇವಿರಿ, ಹೊತ್ತೊತ್ತಿಗೆ ಉಣ್ಣು ಅಂತ ಬರೀರಿ," ಎಂದಳು ಚಲುವಮ್ಮ. ಮಳವಳ್ಳಿಯ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಅವಳು ಕಾಲು ಚಾಚಿ ಕೂತು, ಎಲೆಯಡಿಕೆ ಹಾಕಿಕೊಂಡು, ಕಾಗದ ಮುಗಿಯುವುದನ್ನು ನೋಡುತ್ತಿದ್ದಳು.