ದೀಪದ ಮೇಲಿನ ಕಪ್ಪು ಟೇಪು

ನೆರೆಹೊರೆಯವರೆಲ್ಲ ಮಲಗಿದ ಮೇಲೆ ಬೀದಿಯ ಏರಿನ ಕಡೆಯಿಂದ ಸಣ್ಣದೊಂದು ಸದ್ದು ಕೇಳಿಸಿತು. ಸುಸ್ಸ್ ಎಂದು, ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗೆ. ಅದರ ಹಿಂದೆಯೇ ನಮ್ಮ ಕಾರು ಬಂದು ಮನೆ ಮುಂದೆ ನಿಂತಿತು.

ಅದು ಟರ್ಬೊ ಎಂಜಿನ್ನಿನ ಕಾರು. ಎಂಜಿನ್ನಿಗೆ ಇನ್ನಷ್ಟು ಒತ್ತಡದಲ್ಲಿ ಗಾಳಿ ನುಗ್ಗುವಂತೆ ನನ್ನ ಗಂಡ ಅದನ್ನು ಟ್ಯೂನ್ ಮಾಡಿಸಿದ್ದರು. ಕೆಲವು ವಾರ ಬಾಣದಂತೆ ಓಡಿತು. ಆಮೇಲೆ ಏರು ಕಂಡರೆ ಸಾಕು, ಎಂಜಿನ್ ಕೈಕೊಡತೊಡಗಿತು. ಜೊತೆಗೇ ಸ್ಟೀರಿಂಗಿನ ಹಿಂದಿನ ಫಲಕದಲ್ಲಿ, ಜಾರುವ ಕಾರಿನ ಚಿತ್ರವಿರುವ ಹಳದಿ ದೀಪ ಹೊತ್ತಿಕೊಳ್ಳುತ್ತಿತ್ತು. ಅದು ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲಿನ ದೀಪ. ಶಕ್ತಿ ಕಿತ್ತುಕೊಳ್ಳುತ್ತಿರುವುದು ಅದೇ ಎಂದು ಇವರು ತೀರ್ಮಾನಿಸಿದರು. ಸೀಟ್ ಬೆಲ್ಟ್ ಹಾಕುವ ಮೊದಲೇ ಅದನ್ನು ಆಫ್ ಮಾಡುವುದು ರೂಢಿಯಾಯಿತು. ದೀಪ ಕಣ್ಣಿಗೆ ಚುಚ್ಚುತ್ತದೆಂದು ಅದರ ಮೇಲೊಂದು ಕಪ್ಪು ಟೇಪು ಅಂಟಿಸಿದರು.

ಆ ರಾತ್ರಿ ಕಾರಿನಿಂದ ಇಳಿದು ಬಂದವರನ್ನು ಸದ್ದಿನ ಬಗ್ಗೆ ಕೇಳಿದೆ. "ಟರ್ಬೊ ಅಂದ್ರೆ ಹಾಗೇನೇ. ನಿಂಗೆ ಫ್ರಿಜ್ ಗುಂಯ್ ಅಂದ್ರೂ ನಿದ್ದೆ ಬರಲ್ಲ," ಎಂದು ನಕ್ಕರು.

ಬೆಳಿಗ್ಗೆ ಇವರು ಮಗಳನ್ನು ಬೆಟ್ಟದ ಆಚೆಯ ಕಾಲೇಜಿಗೆ ಬಿಟ್ಟು ಬರಬೇಕಿತ್ತು. ಮಳೆ ಬಂದು ರಸ್ತೆ ಒದ್ದೆಯಾಗಿತ್ತು. ಲಾರಿಯೊಂದನ್ನು ಹಿಂದೆ ಹಾಕುವಾಗ, ಎದುರಿನಿಂದ ಗಾಡಿ ಬರುತ್ತಿರುವಾಗ, ಎಂಜಿನ್ ಸೋತರೆ? ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಿಗೆ ಅಡ್ಡ ನಿಂತೆ.

"ಮಗಳು ಈ ಕಾರಲ್ಲಿ ಹೋಗಲ್ಲ."

"ವರ್ಕ್‌ಶಾಪಿನವನೇ ಹೇಳಿದಾನೆ. ಒತ್ತಡ ಇನ್ನೊಂಚೂರು ಏರಿಸಿದ್ರೆ ಸರಿಹೋಗುತ್ತಂತೆ."

"ಹಾಗಾದ್ರೆ ಅವನು ತನ್ನ ಮಗಳನ್ನ ಕೂರಿಸ್ಕೊಂಡು ಬೆಟ್ಟ ಹತ್ತಲಿ. ನಾನು ಕೀ ಕೊಡಲ್ಲ."

ಮಗಳು ಬ್ಯಾಗನ್ನು ಕೆಳಗಿಟ್ಟು ನನ್ನ ಪಕ್ಕಕ್ಕೆ ಬಂದು ನಿಂತಳು. ಅಲ್ಲಿಂದಲೇ ತನ್ನ ಸೋದರತ್ತೆಗೆ ಫೋನ್ ಮಾಡಿದಳು. ಇವರ ಅಕ್ಕ ತಾಂತ್ರಿಕ ಶಾಲೆಯಲ್ಲಿ ಎಂಜಿನ್ ಪಾಠ ಮಾಡುವವರು; ಪಕ್ಕದ ಬೀದಿಯಲ್ಲೇ ಮನೆ. ಕಾರಿನ ದೋಷ ಓದುವ ಅಂಗೈಯಗಲದ ಸ್ಕ್ಯಾನರ್ ಹಿಡಿದು ಬಂದವರು ಮೊದಲು ಮಾಡಿದ ಕೆಲಸ ಆ ಟೇಪನ್ನು ಉಗುರಿನಿಂದ ಎಬ್ಬಿಸಿದ್ದು.

"ಕಳ್ಳ ಬಂದ ಅಂತ ಕೂಗಿದೋನ ಬಾಯಿಗೇ ಬಟ್ಟೆ ತುರುಕಿದ್ದೀಯಲ್ಲೋ."

"ನಿಂಗೆ ಟ್ಯೂನಿಂಗ್ ಕಂಡ್ರೇ ಆಗಲ್ಲ ಅಕ್ಕ."

"ಟ್ಯೂನಿಂಗ್ ಮೇಲೆ ನಂಗೇನೂ ಸಿಟ್ಟಿಲ್ಲ. ಬಾನೆಟ್ ಎತ್ತು."

ಟರ್ಬೊದಿಂದ ಬರುವ ಒತ್ತಡ ಸಾಲುತ್ತಿಲ್ಲ ಎಂದು ಸ್ಕ್ಯಾನರ್ ತೋರಿಸಿತು. ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಕೊಳವೆಯನ್ನು ಅಕ್ಕ ತಮ್ಮನ ಕೈಯಿಂದಲೇ ಬಿಚ್ಚಿಸಿದರು. ಮೇಲೆ ಹೊಸದರಂತೆಯೇ ಇತ್ತು. ಹಿಂಡಿದಾಗ ತಳದಲ್ಲೊಂದು ಸೀಳು ಬಾಯಿ ಬಿಟ್ಟಿತು.

ಹೆಚ್ಚಿಸಿದ ಒತ್ತಡವನ್ನು ಆ ಕೊಳವೆ ತಾಳಿರಲಿಲ್ಲ. ಗಾಳಿ ಸೋರಿದಾಗ ಎಂಜಿನ್ನನ್ನು ಉಳಿಸಿಕೊಳ್ಳಲು ಕಾರಿನ ಕಂಪ್ಯೂಟರೇ ಶಕ್ತಿ ತಗ್ಗಿಸುತ್ತಿತ್ತು. ಟ್ರ್ಯಾಕ್ಷನ್ ಕಂಟ್ರೋಲ್ ನೆಚ್ಚಿಕೊಂಡ ಎಂಜಿನ್ನಿನ ಲೆಕ್ಕ ತಪ್ಪಿದ್ದರಿಂದ ಅದರ ದೀಪವೂ ಹೊತ್ತುತ್ತಿತ್ತು. ಅದನ್ನು ಆಫ್ ಮಾಡಿದರೆ ಹೋಗುವುದು ಕಾವಲು ಮಾತ್ರ, ಶಕ್ತಿ ತಿರುಗಿ ಬರುವುದಿಲ್ಲ. ಒತ್ತಡ ಏರಿಸಿದರೆ ಸೀಳು ದೊಡ್ಡದಾಗುತ್ತದೆ, ಅಷ್ಟೇ ಎಂದು ಅಕ್ಕ ವಿವರಿಸಿದರು. ಮುಂದಿನ ಟೈರುಗಳ ಒಳ ಅಂಚನ್ನೂ ಮುಟ್ಟಿಸಿದರು. ಒದ್ದೆ ರಸ್ತೆಯಲ್ಲಿ ಹಿಡಿತ ಸಿಗದಷ್ಟು ಸವೆದು ಬೋಳಾಗಿತ್ತು.

ಇವರು ಕೊಳವೆಯನ್ನು ಮತ್ತೆ ಮತ್ತೆ ಹಿಂಡಿ ನೋಡಿದರು. ಆಮೇಲೆ ತಲೆಯೆತ್ತದೆ ಮಗಳನ್ನು ಕೇಳಿದರು: "ಬಸ್ಸು ಎಷ್ಟೊತ್ತಿಗಿದೆ?"

ಕೊಳವೆ, ಅದನ್ನು ಬಿಗಿಯುವ ಕ್ಲಾಂಪು, ಟೈರು ಎಲ್ಲ ಬದಲಾದವು. ಬಿಡಿಭಾಗಗಳು ತಾಳುವಷ್ಟಕ್ಕೇ ಒತ್ತಡ ಇಳಿಯಿತು. ಈಗ ಏರಿನಲ್ಲಿ ಆ ಸದ್ದಿಲ್ಲ, ದೀಪವೂ ಇಲ್ಲ.

ಇದನ್ನು ಓದುತ್ತಿರುವವರೇ, ನಿಮ್ಮ ಮನೆಯ ಕಾರು ಏರಿನಲ್ಲಿ ಸೋಲುತ್ತಿದ್ದರೆ ಮೊದಲು ಸ್ಕ್ಯಾನರ್ ಹಾಕಿಸಿ, ಕೊಳವೆ ಬಿಚ್ಚಿಸಿ, ಟೈರು ಮುಟ್ಟಿ ನೋಡಿ. ಅಲ್ಲಿಯವರೆಗೆ ದೀಪ ಮುಚ್ಚಬೇಡಿ, ಒತ್ತಡ ಏರಿಸಬೇಡಿ. ಯಾರು ನಕ್ಕರೂ ನಗಲಿ, ಕೀಲಿ ಕೊಡಬೇಡಿ.

ಗೆಳೆಯರ ಮುಂದೆ ಮರ್ಯಾದೆ ಹೋಗುತ್ತದೆಂದು, ನಡೆದದ್ದನ್ನು ಯಾರಿಗೂ ಹೇಳಬಾರದೆಂದು ಇವರು ತೀರ್ಮಾನಿಸಿದ್ದಾರೆ. ಅದು ಅವರ ತೀರ್ಮಾನ.